ಮಂಡಕಳ್ಳಿಯಿಂದ ದೇವನಹಳ್ಳಿಗೆ ಎಷ್ಟು ದೂರ?

ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಏರ್‌ಪೋರ್ಟ್‌ದೇ ವಿಷ್ಯ. ರಜಾ ಟೈಮು, ಮಕ್ಳು ಹೊರಗಡೆಯಿಂದ ಬರೋರು, ಅಪ್ಪ ಅಮ್ಮ ಮಕ್ಳ ಹತ್ರ ಹೋಗೋರು, ಹಂಗಾಗಿ ಅವನ್ನೆಲ್ಲಾ ಒಂದೇ ಕಡೆ ಸೇರಿಸ್ಕೊಂಡು ಉತ್ತರ ಕೊಡ್ತಾ ಇದೀನಿ.

ನನ್ನ ಮಗಳು ದುಬೈನಲ್ಲಿದಾಳೆ, ಬಾಣಂತನಕ್ಕೆ ಅಂತ ನಾನು, ನಮ್ಮನೆಯವರು ಮೊದಲ್ನೇ ಸಲ ವಿಮಾನ ಹತ್ತುತಾ ಇದೀವಿ. ಮೊಬೈಲ್‌ನಲ್ಲಿ ನೋಡಿದ್ರೆ ಮೈಸೂರು ಏರ್‌ಪೋರ್ಟಿಂದ ಬೆಂಗಳೂರು ಏರ್‌ಪೋರ್ಟ್‌ಗೆ 156 ಕಿ.ಮೀ. ಅಂತ ತೋರಿಸ್ತು. ಟ್ಯಾಕ್ಸಿ ಹುಡುಗ 190 ಅಂತಾನೆ. ಪಕ್ಕದ ಮನೆಯವರು ಕಿಲೋಮೀಟ್ರು ಲೆಕ್ಕ ಬಿಡಿ, ನಾಲ್ಕೂವರೆ ಗಂಟೆ ಇಟ್ಕೊಳಿ ಅಂತಾರೆ. ಯಾರ ಮಾತು ನಂಬೋದು? ಫ್ಲೈಟು ಬೆಳಿಗ್ಗೆ 10ಕ್ಕೆ. ಮನೆ ಎಷ್ಟೊತ್ತಿಗೆ ಬಿಡಬೇಕು?
— ಓದುಗರು, ಕುವೆಂಪುನಗರ, ಮೈಸೂರು

ಅಮ್ಮಾ, ಮೊದಲಿಗೆ ಅಜ್ಜಿ ಆಗ್ತಿರೋದಕ್ಕೆ ಖುಷಿಯಾಯ್ತು. ಇನ್ನು ಲೆಕ್ಕ. ಮೂರು ಜನ ಹೇಳಿರೋದೂ ಸರೀನೇ, ಒಬ್ಬೊಬ್ರು ಒಂದೊಂದು ಅಳತೆ ಹೇಳ್ತಿದಾರೆ ಅಷ್ಟೆ. 156 ಅನ್ನೋದು ನಮ್ಮ ಮೈಸೂರಿನ ಮಂಡಕಳ್ಳಿ ಏರ್‌ಪೋರ್ಟು, ಬೆಂಗಳೂರಿನ ದೇವನಹಳ್ಳಿ ಏರ್‌ಪೋರ್ಟು ಎರಡರ ಮೇಲೂ ಚುಕ್ಕೆ ಇಟ್ಟು ದಾರ ಬಿಗಿಯಾಗಿ ಎಳೆದ್ರೆ ಸಿಗೋ ಅಳತೆ, ಆಕಾಶದ ಲೆಕ್ಕ. ಆ ದಾರಕ್ಕೆ ಕಾವೇರಿ, ರಾಮನಗರದ ಬೆಟ್ಟ, ಬೆಂಗಳೂರಿನ ಟ್ರಾಫಿಕ್ಕು ಯಾವುದೂ ಅಡ್ಡ ಬರಲ್ಲ. ನೀವು ಹೋಗೋದು ರಸ್ತೆ ಮೇಲೆ. ಮಂಡಕಳ್ಳಿಯಿಂದ ಹೊರಟ್ರೆ ರಸ್ತೆ ಲೆಕ್ಕದಲ್ಲಿ ಹತ್ತಿರ ಹತ್ತಿರ 190 ಆಗುತ್ತೆ, ನಿಮ್ಮ ಕುವೆಂಪುನಗರದಿಂದ ಆದ್ರೆ ಒಂದು ಹತ್ತು ಹದಿನೈದು ಕಿ.ಮೀ. ಕಮ್ಮಿ. ಪಕ್ಕದ ಮನೆಯವರು ಕಿಲೋಮೀಟ್ರು ಬಿಟ್ಟು ಗಂಟೆ ಹೇಳಿದಾರಲ್ಲ, ಅವರು ಈ ದಾರೀಲಿ ಓಡಾಡಿರೋರು ಅಂತ ನನಗನ್ಸುತ್ತೆ.

ಯಾಕೆ ಅಂದ್ರೆ ಈ ದಾರೀನ ಎರಡು ತುಂಡು ಮಾಡ್ಕೊಂಡು ನೋಡ್ಬೇಕು. ಒಂದು, ಮೈಸೂರಿಂದ ಕೆಂಗೇರಿ ತನಕ. 2023ರ ಮಾರ್ಚ್ 12ಕ್ಕೆ ಉದ್ಘಾಟನೆ ಆದ ಎಕ್ಸ್‌ಪ್ರೆಸ್ ವೇ ಇದು, ಹೆಚ್ಚೂಕಮ್ಮಿ 118 ಕಿ.ಮೀ., ಶ್ರೀರಂಗಪಟ್ಟಣ, ಮಂಡ್ಯ, ಮದ್ದೂರು, ಚನ್ನಪಟ್ಟಣ-ರಾಮನಗರ, ಬಿಡದಿ ಎಲ್ಲದಕ್ಕೂ ಬೈಪಾಸ್ ಇದೆ, ಊರೊಳಗೆ ಹೋಗೋ ಕೆಲಸವೇ ಇಲ್ಲ. ಗಣಂಗೂರಲ್ಲಿ ಒಂದು ಟೋಲು, ಕಣಿಮಿಣಿಕೆ ಹತ್ರ ಇನ್ನೊಂದು. ಸ್ಪೀಡ್ ಲಿಮಿಟ್ 100, ಕ್ಯಾಮೆರಾ ಇದಾವೆ. ಒಂದೂವರೆ ಗಂಟೆ ಅಂತ ಧೈರ್ಯವಾಗಿ ಬರ್ಕೊಬಹುದು. ಎರಡನೇ ತುಂಡು ಕೆಂಗೇರಿಯಿಂದ ದೇವನಹಳ್ಳಿ, ಬರೀ 50 ಕಿ.ಮೀ. ಚಿಲ್ಲರೆ. ಇದಕ್ಕೆ ಬೆಳಗಿನ ಜಾವ 4 ಗಂಟೆಗೆ ಹೋದ್ರೆ ಒಂದೂಕಾಲು ಗಂಟೆ, ಶುಕ್ರವಾರ ಸಂಜೆ 6 ಗಂಟೆಗೆ ಹೋದ್ರೆ ಎರಡೂವರೆ, ಮಳೆ ಬಂದ್ರೆ ಮೂರು. ಮೈಸೂರು ಇರೋದು ಬೆಂಗಳೂರಿನ ನೈಋತ್ಯಕ್ಕೆ, ಏರ್‌ಪೋರ್ಟ್ ಇರೋದು ಬೆಂಗಳೂರಿನ ಈಶಾನ್ಯಕ್ಕೆ, ಹಂಗಾಗಿ ಇಡೀ ಬೆಂಗಳೂರನ್ನ ಈ ಮೂಲೆಯಿಂದ ಆ ಮೂಲೆಗೆ ಸೀಳ್ಕೊಂಡು ಹೋಗೋ ಪಾಡು ನಮ್ಮ ಕಡೆಯವರದ್ದು, ಕೋಲಾರದವರಿಗೋ ಚಿಕ್ಕಬಳ್ಳಾಪುರದವರಿಗೋ ಈ ಕಷ್ಟ ಇಲ್ಲ. 2008ರ ಮೇ 24ಕ್ಕೆ ದೇವನಹಳ್ಳಿ ಏರ್‌ಪೋರ್ಟ್ ಶುರುವಾಯ್ತು, ಅಲ್ಲೀ ತನಕ ಬೆಂಗಳೂರು ಊರೊಳಗಿನ ಎಚ್‌ಎಎಲ್ ಏರ್‌ಪೋರ್ಟೇ ಇತ್ತು. ಜಾಗ ಬದಲಾದಾಗ ಮೈಸೂರು ಮಂಡ್ಯದವರಿಗೆ ದಾರಿ ಇನ್ನೂ ಉದ್ದ ಆಯ್ತು.

ಒಂದು ಮಾತು ಹೇಳ್ಬೇಕು, ಇದು ನನಗೇ ಆಗಿದ್ದು. ನಮ್ಮಕ್ಕನ್ನ ಕಳಿಸೋಕೆ ಅಂತ ಹೊರಟಿದ್ವಿ, ರಾತ್ರಿ 9ರ ಫ್ಲೈಟು, ಅದೂ ದೇಶದೊಳಗಿಂದೇ. ಎಕ್ಸ್‌ಪ್ರೆಸ್ ವೇ ಹೊಸದಾಗಿ ಆಗಿತ್ತು, ಎಲ್ರೂ ಒಂದೂವರೆ ಗಂಟೇಲಿ ಬೆಂಗಳೂರು ಅಂತಿದ್ರು, ನಾವೂ ಅದನ್ನೇ ನಂಬ್ಕೊಂಡು ಊಟ ಮಾಡಿ, ಸ್ವಲ್ಪ ಅಡ್ಡಾಗಿ ಎದ್ದು, ನಾಲ್ಕೂಕಾಲಿಗೆ ಮನೆ ಬಿಟ್ವಿ. ಆರು ಗಂಟೆ ಒಳಗೆ ಕೆಂಗೇರಿ ಮುಟ್ಟಿ ಆಗಿತ್ತು, ಅಕ್ಕ ಬೇಗ ಬಂದ್ಬಿಟ್ವಿ ಕಣೋ ಅಂದ್ಲು. ಆಮೇಲೆ ಮೈಸೂರು ರೋಡಲ್ಲಿ ಒಂದು ಗಂಟೆ, ಹೆಬ್ಬಾಳ ಫ್ಲೈಓವರ್ ಹತ್ತೋ ಅಷ್ಟೊತ್ತಿಗೆ ಇನ್ನೊಂದು ಗಂಟೆ. ಕೌಂಟರ್ ಮುಂದೆ ನಿಂತಾಗ 8 ಗಂಟೆ 35 ನಿಮಿಷ. ಅಲ್ಲಿದ್ದ ಹುಡುಗಿ ಗಡಿಯಾರ ತೋರಿಸಿ, ಬೇಜಾರಿಂದಾನೇ, ಕ್ಲೋಸ್ ಆಗಿದೆ ಮೇಡಂ ಅಂದ್ಲು. ಅಕ್ಕ ಜಗಳ ಆಡ್ಲಿಲ್ಲ. ಟ್ರಾಲಿ ಮೇಲಿದ್ದ ಕೋಡುಬಳೆ ಡಬ್ಬ ಬಿದ್ದೋಗುತ್ತೇನೋ ಅಂತ ಸರಿ ಮಾಡಿದ್ಲು, ಆಮೇಲೆ ಅಲ್ಲೇ ಕುರ್ಚಿ ಮೇಲೆ ಕೂತು ಸೆರಗಲ್ಲಿ ಮುಖ ಒರೆಸ್ಕೊಂಡ್ಲು. ಮಾರನೇ ದಿನ ಬೆಳಿಗ್ಗೆ ಮೊಮ್ಮಗನ ಚೌಲ ಇತ್ತು, ಅದಕ್ಕೇ ಹೊರಟಿದ್ದು. ಆ ಕೌಂಟರ್ ಹುಡುಗೀದು ತಪ್ಪಿರ್ಲಿಲ್ಲ, ಡ್ರೈವರ್‌ದೂ ಇರ್ಲಿಲ್ಲ, ಲೆಕ್ಕ ಹಾಕಿದ್ದು ನಾನು. 118 ಕಿ.ಮೀ. ಲೆಕ್ಕ ಹಾಕಿ 50 ಕಿ.ಮೀ. ಮರೆತಿದ್ದೆ. ಅವತ್ತಿಂದ ಯಾರು ಕೇಳಿದ್ರೂ ಹಿಂದಿಂದ ಲೆಕ್ಕ ಹಾಕಿ ಅಂತಾನೇ ಹೇಳೋದು.

ನಿಮ್ದು ಹಿಂದಿಂದ ಹಾಕೋಣ. ಫ್ಲೈಟು 10ಕ್ಕೆ. ಹೊರದೇಶದ ಫ್ಲೈಟ್‌ಗೆ ಮೂರು ಗಂಟೆ ಮೊದ್ಲು ಅಲ್ಲಿರ್ಬೇಕು, ಕೌಂಟರ್ ಸಾಮಾನ್ಯವಾಗಿ ಒಂದು ಗಂಟೆ ಮೊದಲೇ ಮುಚ್ತಾರೆ, ಆಮೇಲೆ ಇಮಿಗ್ರೇಶನ್, ಸೆಕ್ಯುರಿಟಿ ಎರಡೂ ಇರುತ್ತೆ, ಮೊದಲ್ನೇ ಸಲ ಹೋಗೋರಿಗೆ ಎಲ್ಲಿ ಏನು ಅಂತ ಹುಡುಕೋಕೇ ಸಮಯ ಬೇಕು. ಅಂದ್ರೆ 7ಕ್ಕೆ ಏರ್‌ಪೋರ್ಟು. ಬೆಳಗಿನ ಜಾವ ರಸ್ತೆ ಖಾಲಿ ಇರುತ್ತೆ, ಮೂರು ಗಂಟೆ ಸಾಕು. ಅದರ ಮೇಲೆ ಒಂದು ಗಂಟೆ ಕೈಯಲ್ಲಿರ್ಲಿ, ಪಂಚರ್ ಆಗ್ಬಹುದು, ಚಳಿಗಾಲ ಆದ್ರೆ ಮಂಡ್ಯದ ಕಬ್ಬಿನ ಗದ್ದೆ ಪಕ್ಕ ಮಂಜು ಹೆಂಗೆ ಕವಿಯುತ್ತೆ ಅಂದ್ರೆ ಮುಂದಿನ ಗಾಡಿ ಹಿಂದಿನ ಲೈಟೂ ಕಾಣಲ್ಲ, ದೇವನಹಳ್ಳಿ ಕಡೆನೂ ಅದೇ ಕತೆ. ಹಾಗಾಗಿ ರಾತ್ರಿ 3 ಗಂಟೆಗೆ ಮನೆಗೆ ಬೀಗ ಹಾಕಿ. ಬಿಸಿನೀರಿನ ಫ್ಲಾಸ್ಕು, ಪಾಸ್‌ಪೋರ್ಟು, ವೀಸಾ ಪ್ರಿಂಟು ಕೈಚೀಲದಲ್ಲಿರ್ಲಿ, ದೊಡ್ಡ ಸೂಟ್‌ಕೇಸಲ್ಲಿ ಬೇಡ. ಫ್ಲಾಸ್ಕಿನ ನೀರು ಸೆಕ್ಯುರಿಟಿ ಮುಂಚೆ ಖಾಲಿ ಮಾಡ್ಬೇಕು. ಇನ್ನೊಂದು, ಅಲ್ಲಿ ಎರಡು ಟರ್ಮಿನಲ್ ಇದಾವೆ, ಹೊರದೇಶದ ಫ್ಲೈಟ್‌ಗಳು 2023ರ ಸೆಪ್ಟೆಂಬರಿಂದ ಟರ್ಮಿನಲ್ 2ರಿಂದ ಹೋಗ್ತಿವೆ, ಆದ್ರೂ ಟಿಕೆಟ್‌ನಲ್ಲಿ ಏನಿದೆ ನೋಡಿ ಡ್ರೈವರ್‌ಗೆ ಹೆಬ್ಬಾಳ ದಾಟೋ ಮೊದ್ಲೇ ಹೇಳಿ.

ಇದೇ ಫ್ಲೈಟು ರಾತ್ರಿ 8ಕ್ಕೆ ಆಗಿದ್ರೆ ಮಧ್ಯಾಹ್ನ 12ಕ್ಕೇ ಹೊರಡಿ ಅಂತಿದ್ದೆ. ಹಗಲು ಹೊತ್ತಲ್ಲಿ ಕೆಲವು ಡ್ರೈವರ್‌ಗಳು ಕೆಂಗೇರಿ ಹತ್ರ ಊರ ಹೊರಗಿನ ಟೋಲ್ ರಸ್ತೆ ನೈಸ್ ರೋಡ್ ಹಿಡಿದು ತುಮಕೂರು ರಸ್ತೆಗೆ ಬಂದು, ನೆಲಮಂಗಲ, ದೊಡ್ಡಬಳ್ಳಾಪುರ ಮೇಲೆ ದೇವನಹಳ್ಳಿಗೆ ಹೋಗ್ತಾರೆ. 30-35 ಕಿ.ಮೀ. ಜಾಸ್ತಿ ಆಗುತ್ತೆ, ಟೋಲ್ ದುಡ್ಡೂ ಜಾಸ್ತಿ, ಆದ್ರೆ ಊರೊಳಗಿನ ಸಿಗ್ನಲ್ ತಪ್ಪುತ್ತೆ. ಸಂಜೆ ಹೊತ್ತಿಗೆ ನಾನು ಈಗ ಇದನ್ನೇ ಹೇಳೋದು, ದೂರ ಜಾಸ್ತಿ ಆದ್ರೂ ಗಾಡಿ ಓಡ್ತಾ ಇರುತ್ತೆ.

ನಾನು ಪಿಯುಸಿ ಓದ್ತಾ ಇದೀನಿ. ಮೈಸೂರು-ಬೆಂಗಳೂರು ವಿಮಾನ 20 ನಿಮಿಷ ಅಂತ ಒಂದ್ಕಡೆ ಓದಿದೆ, ಆದ್ರೆ ಅಪ್ಪ ಹಿಂದೆ ಹೋಗಿದ್ದ ಟಿಕೆಟ್‌ನಲ್ಲಿ ಒಂದು ಗಂಟೆ ಹತ್ತಿರ ಇತ್ತು. 156 ಕಿ.ಮೀ.ಗೆ ಒಂದು ಗಂಟೆ ಅಂದ್ರೆ ಕಾರಿಗಿಂತ ಸ್ವಲ್ಪ ಜಾಸ್ತಿ ಅಷ್ಟೇ ಅಲ್ವಾ?
— ವಿದ್ಯಾರ್ಥಿನಿ, ಸರಸ್ವತಿಪುರಂ

ತುಂಬಾ ಒಳ್ಳೆ ಪ್ರಶ್ನೆ ಪುಟ್ಟಿ. 20 ನಿಮಿಷ ಅನ್ನೋದು ಬರೀ ಭಾಗಾಕಾರ. ಮಂಡಕಳ್ಳಿಗೆ ಬರೋದು ಎಟಿಆರ್ ಅಂತ, ರೆಕ್ಕೆ ಮೇಲೆ ಫ್ಯಾನ್ ತಿರುಗುತ್ತಲ್ಲ ಆ ಪುಟ್ಟ ವಿಮಾನ, ಅದು ಮೇಲೆ ಹೋದ್ಮೇಲೆ ಗಂಟೆಗೆ ಸುಮಾರು 500 ಕಿ.ಮೀ. ಓಡುತ್ತೆ. 156ನ್ನ 500ರಿಂದ ಭಾಗಿಸು, 19 ನಿಮಿಷ ಬಂತು. ಆದ್ರೆ ವಿಮಾನ ನಿಂತಲ್ಲಿಂದಾನೇ 500ರಲ್ಲಿ ಓಡಲ್ಲ. ಬಾಗಿಲು ಹಾಕಿ ರನ್‌ವೇ ತುದಿ ತನಕ ತೆವಳ್ಕೊಂಡು ಹೋಗ್ಬೇಕು, ಮೇಲೆ ಹತ್ತಬೇಕು, ಹತ್ತಿ ಮುಗಿಯೋ ಅಷ್ಟರಲ್ಲಿ ಇಳಿಯೋಕೆ ಶುರು ಮಾಡ್ಬೇಕು, ಬೆಂಗಳೂರು ಮೇಲೆ ಬೇರೆ ವಿಮಾನಗಳು ಸಾಲಾಗಿ ಇಳೀತಾ ಇರ್ತವೆ, ಅದರ ಮಧ್ಯ ತನ್ನ ಸರದಿಗೆ ಕಾಯ್ಬೇಕು, ಗಾಳಿ ಯಾವ ಕಡೆಯಿಂದ ಬೀಸ್ತಿದೆಯೋ ಅದಕ್ಕೆ ಎದುರಾಗಿ ಇಳೀಬೇಕಾದ್ರಿಂದ ಕೆಲವು ಸಲ ಏರ್‌ಪೋರ್ಟ್ ದಾಟಿ ಸುತ್ತು ಹಾಕಿ ಬರುತ್ತೆ. ಇಳಿದ್ಮೇಲೆ ಮತ್ತೆ ತೆವಳ್ಕೊಂಡು ನಿಲ್ಲೋ ಜಾಗಕ್ಕೆ. ಟಿಕೆಟ್‌ನಲ್ಲಿ ಹಾಕೋದು ಈ ಎಲ್ಲಾ ಸೇರಿಸಿದ ಸಮಯ, ಅದನ್ನ ಬ್ಲಾಕ್ ಟೈಮ್ ಅಂತಾರೆ. ದೂರ ಕಮ್ಮಿ ಇದ್ದಷ್ಟೂ ಈ ಮೇಲ್ಖರ್ಚಿನ ಪಾಲು ಜಾಸ್ತಿ. ಬೆಂಗಳೂರಿಂದ ಡೆಲ್ಲಿಗೆ ಸುಮಾರು 1,700 ಕಿ.ಮೀ., ದೂರ ಹತ್ತುಪಟ್ಟಿಗಿಂತ ಹೆಚ್ಚು, ಆದ್ರೆ ಸಮಯ ಎರಡೂಮುಕ್ಕಾಲು ಗಂಟೆ ಅಷ್ಟೆ, ಯಾಕಂದ್ರೆ ತೆವಳೋದು ಹತ್ತೋದು ಇಳಿಯೋದು ಅಲ್ಲೂ ಒಂದೇ ಸಲ, ಮಧ್ಯೆ ದೊಡ್ಡ ಜೆಟ್ಟು ಗಂಟೆಗೆ 800 ಚಿಲ್ಲರೆಯಲ್ಲಿ ಓಡುತ್ತೆ.

ಗಾಳಿದೂ ಒಂದು ಲೆಕ್ಕ ಇದೆ. ಮೇಲಿನ ಪ್ರಶ್ನೆ ಕೇಳಿದ ಅಜ್ಜಿ ಹೋಗ್ತಿರೋ ದುಬೈ ಬೆಂಗಳೂರಿಂದ ಸುಮಾರು 2,700 ಕಿ.ಮೀ. ಹೋಗೋವಾಗ ನಾಲ್ಕು ಗಂಟೆ ಹತ್ತಿರ ಹತ್ತಿರ, ಬರೋವಾಗ ಮೂರೂವರೆ ಅಂತ ಟೈಮ್ ಟೇಬಲ್‌ನಲ್ಲಿ ನೋಡ್ತೀಯ. ಏರ್‌ಪೋರ್ಟ್ ಎರಡೂ ಇದ್ದ ಜಾಗದಲ್ಲೇ ಇದಾವೆ, ಆದ್ರೆ ಎತ್ತರದಲ್ಲಿ ಗಾಳಿ ಹೆಚ್ಚಾಗಿ ಪಶ್ಚಿಮದಿಂದ ಪೂರ್ವಕ್ಕೆ ಬೀಸೋದ್ರಿಂದ, ಅದ್ರಲ್ಲೂ ಚಳಿಗಾಲದಲ್ಲಿ, ಬರೋವಾಗ ಬೆನ್ನಿಗೆ ಗಾಳಿ ಸಿಗುತ್ತೆ. ಇನ್ನೊಂದು ಗೊಂದಲ, ಟಿಕೆಟ್‌ನಲ್ಲಿ 10ಕ್ಕೆ ಹೊರಟು 12.30ಕ್ಕೆ ಇಳಿಯುತ್ತೆ ಅಂತ ಇದ್ರೆ ಎರಡೂವರೆ ಗಂಟೆ ಅನ್ಕೊಬೇಡ. ಎರಡೂ ಆಯಾ ಊರಿನ ಗಡಿಯಾರದ ಟೈಮು, ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ.

ನಿನಗೆ ಆಸಕ್ತಿ ಇರೋದ್ರಿಂದ ಇದನ್ನ ಮನೇಲಿ ಮಾಡಿ ನೋಡು. ಒಂದು ಗ್ಲೋಬ್ ತಗೊಂಡು ಬೆಂಗಳೂರಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ದಾರ ಬಿಗಿಯಾಗಿ ಹಿಡಿ, ಹೂ ಕಟ್ಟೋ ದಾರ ಆದ್ರೂ ಸಾಕು. ಗೋಡೆ ಮೇಲಿನ ಮ್ಯಾಪ್‌ನಲ್ಲಿ ನೋಡಿದ್ರೆ ಸಮುದ್ರದ ಮೇಲೆ ಅಡ್ಡಡ್ಡ ಹೋಗ್ಬೇಕು ಅನ್ಸುತ್ತೆ, ಆದ್ರೆ ದಾರ ಜಾರ್ಕೊಂಡು ಜಾರ್ಕೊಂಡು ಮೇಲಕ್ಕೆ, ಉತ್ತರ ಧ್ರುವದ ಕಡೆಗೆ ಹೋಗಿ ನಿಲ್ಲುತ್ತೆ. ಅದೇ ನಿಜವಾದ ಹತ್ತಿರದ ದಾರಿ, ಸುಮಾರು 14,000 ಕಿ.ಮೀ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಹೆಣ್ಮಕ್ಕಳೇ ಪೈಲಟ್ ಆಗಿದ್ದ ವಿಮಾನ ಅಲ್ಲಿಂದ ಬೆಂಗಳೂರಿಗೆ ನೇರವಾಗಿ ಬಂದಿದ್ದು ಆ ಧ್ರುವದ ದಾರೀಲೇ. ವಿಮಾನದವರು ಈ ದೂರಾನ ಕಿಲೋಮೀಟ್ರಲ್ಲಿ ಹೇಳಲ್ಲ, ನಾಟಿಕಲ್ ಮೈಲಿ ಅಂತಾರೆ, ಒಂದು ಅಂದ್ರೆ 1.852 ಕಿ.ಮೀ. ನಮ್ಮ ಮಂಡಕಳ್ಳಿ-ದೇವನಹಳ್ಳಿ ಅವರ ಲೆಕ್ಕದಲ್ಲಿ 84 ಮೈಲಿ ಆಸುಪಾಸು.

ಮೈಸೂರಲ್ಲೇ ಏರ್‌ಪೋರ್ಟ್ ಇದ್ದೂ ನಾವು ಯಾಕೆ ನಾಲ್ಕು ಗಂಟೆ ರೋಡಲ್ಲಿ ಸಾಯ್ಬೇಕು? ದೊಡ್ಡ ವಿಮಾನ ಯಾಕೆ ಬರಲ್ಲ?
— ಓದುಗರು, ನಂಜನಗೂಡು

ನಿಮ್ಮ ಸಿಟ್ಟು ನನಗೆ ಅರ್ಥ ಆಗುತ್ತೆ ಸರ್, ನೀವಂತೂ ಆ ರನ್‌ವೇ ಪಕ್ಕದಲ್ಲೇ ದಿನಾ ಓಡಾಡೋರು. ಮಂಡಕಳ್ಳಿ ಇವತ್ತಿನದ್ದಲ್ಲ, 1940ರ ದಶಕದಲ್ಲಿ ಮೈಸೂರು ಸಂಸ್ಥಾನ ಇದ್ದಾಗಲೇ ಆಗಿದ್ದು. ಈಗಿನ ಟರ್ಮಿನಲ್ ಕಟ್ಟಡ ಶುರುವಾಗಿದ್ದು 2010ರಲ್ಲಿ. ಆ ಅಕ್ಟೋಬರ್‌ನಲ್ಲಿ ಕಿಂಗ್‌ಫಿಷರ್ ಬಂತು, ಮುಂದಿನ ವರ್ಷವೇ ನಿಂತೋಯ್ತು. 2017ರಲ್ಲಿ, ಸಣ್ಣ ಊರುಗಳಿಗೂ ವಿಮಾನ ಓಡಿಸೋ ಕೇಂದ್ರದ ಉಡಾನ್ ಯೋಜನೇಲಿ ಟ್ರೂಜೆಟ್‌ನವರು ಚೆನ್ನೈಗೆ ಶುರು ಮಾಡಿದ್ರು, 2019ರಲ್ಲಿ ಅಲಯನ್ಸ್ ಏರ್ ಬಂದು ಬೆಂಗಳೂರು, ಹೈದರಾಬಾದ್, ಗೋವಾ, ಕೊಚ್ಚಿ ಎಲ್ಲಾ ಕಡೆಗೂ ಹಾರಿಸ್ತು. ಬಂದೋರು ಬಂದ್ರು, ಹೋದೋರು ಹೋದ್ರು. ಮೂಲ ತೊಡಕು ರನ್‌ವೇದು. ಇರೋದು 1,740 ಮೀಟರ್. ಎಟಿಆರ್‌ಗೆ ಇದು ಧಾರಾಳ, ಆದ್ರೆ 180 ಜನ ಕೂರೋ ಏರ್‌ಬಸ್ಸು, ಬೋಯಿಂಗ್ 737ಕ್ಕೆ ಸಾಲಲ್ಲ. ನಾವಿರೋದು ಸಮುದ್ರ ಮಟ್ಟದಿಂದ 700 ಮೀಟರ್‌ಗಿಂತ ಮೇಲೆ, ಗಾಳಿ ತೆಳು, ಹಂಗಾಗಿ ಓಡೋಕೆ ಇನ್ನೂ ಸ್ವಲ್ಪ ಉದ್ದ ಬೇಕು. ದೇವನಹಳ್ಳೀಲಿ ಒಂದೊಂದೂ 4,000 ಮೀಟರ್‌ದು ಎರಡಿದಾವೆ, ಹೋಲಿಸಿ ನೋಡಿ. ಮಂಡಕಳ್ಳೀದನ್ನ 2,750ಕ್ಕೆ ಉದ್ದ ಮಾಡ್ಬೇಕು ಅನ್ನೋ ಯೋಜನೆ ಇದೆ, ಆದ್ರೆ ಒಂದ್ಕಡೆ ಜಮೀನು ಬೇಕು, ಇನ್ನೊಂದ್ಕಡೆ ನಿಮ್ಮ ನಂಜನಗೂಡು ಹೆದ್ದಾರಿ ಅಡ್ಡ ಇದೆ, ಅದನ್ನ ರನ್‌ವೇ ಕೆಳಗೆ ತಗೊಂಡು ಹೋಗೋದಾ ಸುತ್ತು ಹಾಕಿಸೋದಾ ಅನ್ನೋದ್ರಲ್ಲೇ ವರ್ಷಗಳು ಕಳೀತಿವೆ.

ನನ್ನ ಅಭಿಪ್ರಾಯ ಕೇಳಿದ್ರೆ ಮೈಸೂರಿಂದ ಬೆಂಗಳೂರಿಗೆ ವಿಮಾನ ಬೇಕು, ಆದ್ರೆ ಬೆಂಗಳೂರಿಗೆ ಹೋಗೋಕಲ್ಲ. ಬರೀ ಬೆಂಗಳೂರಿಗಾದ್ರೆ ಮನೆ ಬಿಟ್ಟು, ಒಂದೂವರೆ ಗಂಟೆ ಮೊದ್ಲು ಮಂಡಕಳ್ಳೀಲಿ ಕೂತು, ಒಂದು ಗಂಟೆ ಹಾರಿ, ದೇವನಹಳ್ಳೀಲಿ ಇಳಿದು ಮತ್ತೆ ಮೆಜೆಸ್ಟಿಕ್‌ಗೆ 35 ಕಿ.ಮೀ. ವಾಪಸ್ ಬರೋದಕ್ಕಿಂತ ರೈಲೇ ಬೇಗ. ಉಪಯೋಗ ಇರೋದು ಅಲ್ಲಿಂದ ಮುಂದೆ ಹೋಗೋರಿಗೆ. ಮೈಸೂರಲ್ಲೇ ಲಗೇಜ್ ಕೊಟ್ಬಿಟ್ಟು, ಕೆಂಗೇರಿ ಹೆಬ್ಬಾಳ ಯಾವುದೂ ನೋಡದೆ ಡೆಲ್ಲೀಲೋ ದುಬೈನಲ್ಲೋ ಇಸ್ಕೊಳೋ ಹಾಗಾದ್ರೆ, ವಯಸ್ಸಾದ ಅಪ್ಪ ಅಮ್ಮಂದಿರಿಗೆ ಅದೆಷ್ಟು ನೆಮ್ಮದಿ ಅಂತ ನಮ್ಮಕ್ಕನ್ನ ನೆನೆಸ್ಕೊಂಡಾಗೆಲ್ಲಾ ಅನ್ಸುತ್ತೆ. ಒಂದು ವಿಷ್ಯ ತುಂಬಾ ಜನಕ್ಕೆ ಗೊತ್ತಿಲ್ಲ, ದೇವನಹಳ್ಳಿ ಏರ್‌ಪೋರ್ಟ್ ಕಟ್ಟೋವಾಗ ಮಾಡ್ಕೊಂಡ ಒಪ್ಪಂದದಲ್ಲಿ 150 ಕಿ.ಮೀ. ಒಳಗೆ 25 ವರ್ಷ ಇನ್ನೊಂದು ಅಂತರರಾಷ್ಟ್ರೀಯ ಏರ್‌ಪೋರ್ಟ್ ಬರಬಾರದು ಅಂತ ಇದೆ, ಆದ್ರೆ ಅದರಲ್ಲೇ ಮೈಸೂರಿಗೂ ಹಾಸನಕ್ಕೂ ವಿನಾಯ್ತಿ ಕೊಟ್ಟಿದಾರೆ. ಅಂದ್ರೆ ಮೈಸೂರಿನ ಕೈ ಕಟ್ಟಿಲ್ಲ. ಆಗ್ಬೇಕಾಗಿರೋದು ರನ್‌ವೇ.

ನಾವು ಮಂಡ್ಯದವರು. ಹೈದರಾಬಾದ್‌ಗೆ ಹೋಗ್ಬೇಕು. ಮೈಸೂರು ಹತ್ರಾನಾ ಬೆಂಗಳೂರು ಹತ್ರಾನಾ?
— ಓದುಗರು, ವಿದ್ಯಾನಗರ, ಮಂಡ್ಯ

ಅಣ್ಣಾ, ನಿಮಗೆ ಮಂಡಕಳ್ಳೀನೇ ಹತ್ರ, ಸುಮಾರು 55 ಕಿ.ಮೀ., ಒಂದು ಗಂಟೆಗಿಂತ ಸ್ವಲ್ಪ ಜಾಸ್ತಿ. ಮೈಸೂರು ಊರೊಳಗೆ ಹೋಗ್ಬೇಡಿ, ಬೆಂಗಳೂರು ರಸ್ತೇಲಿ ರಿಂಗ್ ರೋಡ್ ಸಿಗುತ್ತಲ್ಲ, ಅಲ್ಲೇ ಎಡಕ್ಕೆ ತಗೊಂಡು ಟಿ. ನರಸೀಪುರ ರಸ್ತೆ ಜಂಕ್ಷನ್ ದಾಟಿ, ಚಾಮುಂಡಿ ಬೆಟ್ಟ ಬಲಕ್ಕೆ ಇಟ್ಕೊಂಡು ಹೋದ್ರೆ ನಂಜನಗೂಡು ರಸ್ತೆಗೇ ಬಂದು ಸೇರ್ತೀರ. ದೇವನಹಳ್ಳಿ ನಿಮಗೆ 135-140 ಕಿ.ಮೀ., ಹಗಲಾದ್ರೆ ಮೂರೂವರೆ ಗಂಟೆ. ಹಂಗಾಗಿ ಮೈಸೂರಿಂದ ನಿಮ್ಮ ದಿನಕ್ಕೆ ಹೈದರಾಬಾದ್ ವಿಮಾನ ಇದ್ಯಾ ಮೊದ್ಲು ನೋಡಿ, ಟಿಕೆಟ್ ಒಂದು ಸಾವಿರ ಜಾಸ್ತಿ ಇದ್ರೂ ಟ್ಯಾಕ್ಸಿ ದುಡ್ಡಲ್ಲಿ ಉಳಿದೋಗುತ್ತೆ. ಮಂಡಕಳ್ಳೀಲಿ ಕ್ಯೂ ಅನ್ನೋದೇ ಇರಲ್ಲ, ಬಾಗಿಲಿಂದ ವಿಮಾನಕ್ಕೆ ನಡ್ಕೊಂಡೇ ಹೋಗ್ಬಹುದು, ಮಂಡಿ ನೋವಿರೋರಿಗೆ ಇದು ದೊಡ್ಡ ಅನುಕೂಲ.

ಟ್ಯಾಕ್ಸಿ ಬಿಟ್ಟು ಬಸ್ಸು ರೈಲಲ್ಲಿ ಏರ್‌ಪೋರ್ಟ್‌ಗೆ ಹೋಗೋದು ಹೇಗೆ?
— ಓದುಗರು, ವಿಜಯನಗರ, ಮೈಸೂರು

ಒಬ್ರು ಇಬ್ರು ಇದ್ರೆ ಕೆಎಸ್‌ಆರ್‌ಟಿಸಿ ಫ್ಲೈ ಬಸ್ಸೇ ಒಳ್ಳೇದು, ಸಬರ್ಬನ್ ಸ್ಟ್ಯಾಂಡಿಂದ ಹತ್ತಿದ್ರೆ ಸೀದಾ ಏರ್‌ಪೋರ್ಟ್ ಬಾಗಿಲಲ್ಲಿ ಇಳಿಸ್ತಾರೆ, ನಾಲ್ಕು ಗಂಟೆ ಅಂದಾಜು, ಸೀಟು ಮೊದ್ಲೇ ಬುಕ್ ಮಾಡಿ. ರೈಲಾದ್ರೆ ಮೈಸೂರಿಂದ ಬೆಂಗಳೂರಿಗೆ ಶತಾಬ್ದಿ, ವಂದೇ ಭಾರತ್ ಎರಡು ಗಂಟೆ ಆಸುಪಾಸು, ಉಳಿದವು ಎರಡೂವರೆ ಮೂರು. ಸ್ಟೇಷನ್ ಎದುರಿಗೇ ಮೆಜೆಸ್ಟಿಕ್, ಅಲ್ಲಿಂದ ಬಿಎಂಟಿಸಿ ವಾಯು ವಜ್ರ ಬಸ್ಸು, ಅದಕ್ಕೆ ಒಂದೂವರೆ ಗಂಟೆ ಇಟ್ಕೊಳಿ. ಲಗೇಜ್ ಜಾಸ್ತಿ ಇದ್ರೆ ಮಾತ್ರ ಈ ಹತ್ತಿ ಇಳಿಯೋದು ಬೇಡ. ದೇವನಹಳ್ಳಿ ಏರ್‌ಪೋರ್ಟ್ ಹತ್ರ ರೈಲ್ವೆ ಹಾಲ್ಟ್ ಸ್ಟೇಷನ್ನೂ ಇದೆ, 2021ರಲ್ಲಿ ಆಗಿದ್ದು, ಆದ್ರೆ ನಿಲ್ಲೋ ರೈಲು ಕಮ್ಮಿ, ಅದನ್ನೇ ನಂಬ್ಕೊಂಡು ಹೊರಡ್ಬೇಡಿ.

ಕೇರಳದ ಏರ್‌ಪೋರ್ಟ್‌ಗಳಿಂದ ಟಿಕೆಟ್ ಅಗ್ಗ ಅಂತಾರೆ, ನಮಗೆ ಅನುಕೂಲ ಆಗುತ್ತಾ?
— ಓದುಗರು, ಹುಣಸೂರು

ಗಲ್ಫ್ ಕಡೆಗಾದ್ರೆ ಒಂದ್ಸಲ ನೋಡ್ಬಹುದು. ಕಣ್ಣೂರು ಏರ್‌ಪೋರ್ಟು 2018ರ ಡಿಸೆಂಬರ್‌ನಲ್ಲಿ ಶುರುವಾಗಿದ್ದು, ಮೈಸೂರಿಂದ 150-160 ಕಿ.ಮೀ., ಹುಣಸೂರಿಂದ ಇನ್ನೂ ಕಮ್ಮಿ, ಗೋಣಿಕೊಪ್ಪ ವಿರಾಜಪೇಟೆ ಮೇಲೆ ಮಾಕುಟ್ಟ ಘಾಟಿ ಇಳಿದು ಹೋಗ್ಬೇಕು. ಮಳೆಗಾಲದಲ್ಲಿ ಆ ಘಾಟಿ ನೆಚ್ಚಿಕೊಳ್ಳೋ ಹಂಗಿಲ್ಲ. ಕೋಳಿಕ್ಕೋಡಿಗೆ ಗುಂಡ್ಲುಪೇಟೆ, ಬಂಡೀಪುರ ಮೇಲೆ ದಾರಿ, ಅಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರ ತನಕ ಗೇಟ್ ಮುಚ್ಚಿರುತ್ತೆ. ಆನೆ ಜಿಂಕೆ ಓಡಾಡೋ ಕಾಡದು, ಮುಚ್ಚಿರೋದು ಸರೀನೇ. ಬೆಳಿಗ್ಗೆ ಫ್ಲೈಟ್ ಇದ್ರೆ ಹಿಂದಿನ ದಿನ ಸಂಜೆನೇ ಕಾಡು ದಾಟಿರ್ಬೇಕು.

ಮಗ ರಾತ್ರಿ 1 ಗಂಟೆಗೆ ಬೆಂಗಳೂರಲ್ಲಿ ಇಳೀತಾನೆ, ಕರ್ಕೊಂಡು ಬರೋಕೆ ನಾನೇ ಕಾರ್ ಓಡಿಸ್ಕೊಂಡು ಹೋಗ್ಬೇಕು ಅಂತಿದೀನಿ. ವಾಪಸ್ ಎಷ್ಟೊತ್ತಾಗುತ್ತೆ?
— ಓದುಗರು, ಶ್ರೀರಂಗಪಟ್ಟಣ

ಇಮಿಗ್ರೇಶನ್ ಮುಗಿಸಿ ಲಗೇಜ್ ತಗೊಂಡು ಆಚೆ ಬರೋ ಅಷ್ಟೊತ್ತಿಗೆ 2 ಗಂಟೆ. ರಸ್ತೆ ಖಾಲಿ, ಎರಡೂಮುಕ್ಕಾಲು ಗಂಟೇಲಿ ಊರು ಸೇರ್ಬಹುದು. ಆದ್ರೆ ಸರ್, ನೀವು ಹಗಲೆಲ್ಲಾ ಕೆಲಸ ಮಾಡಿ, ಸಂಜೆ ಅಷ್ಟು ದೂರ ಓಡಿಸಿ, ರಾತ್ರಿ 3-4 ಗಂಟೆ ಹೊತ್ತಲ್ಲಿ ಆ ನೆಟ್ಟಗಿರೋ ರಸ್ತೇಲಿ ಮತ್ತೆ ಓಡಿಸೋದು ಬೇಡ, ತಿರುವಿಲ್ಲದ ರಸ್ತೇಲಿ ನಿದ್ದೆ ಬಂದಿದ್ದೇ ಗೊತ್ತಾಗಲ್ಲ. ಕಾರಲ್ಲೇ ಹೋಗ್ಬೇಕು ಅಂದ್ರೆ ಮಧ್ಯಾಹ್ನ ಮೂರು ಗಂಟೆ ಗಟ್ಟಿಯಾಗಿ ನಿದ್ದೆ ಮಾಡಿ, ಸಂಜೆ 8ರ ಮೇಲೆ ಹೊರಡಿ, ಹೆಬ್ಬಾಳ ತೆರವಾಗಿರುತ್ತೆ. ಬೇಗ ತಲುಪಿದ್ರೆ ಪಾರ್ಕಿಂಗ್‌ನಲ್ಲಿ ಸೀಟ್ ಹಿಂದಕ್ಕೆ ಮಾಡಿ ಅಲಾರಾಂ ಇಟ್ಟು ಮಲಗಿ. ಮಗ ಬಂದ್ಮೇಲೂ ಕಣ್ಣು ಭಾರ ಅನ್ಸಿದ್ರೆ ಅಲ್ಲೇ ಕಾಫಿ ಕುಡ್ಕೊಂಡು ಬೆಳಕು ಹರಿಯೋ ತನಕ ಕೂತ್ಕೊಂಡು ಮಾತಾಡಿ, ಮನೇಲಿ ಅವರಮ್ಮಂಗೆ ಮಾತ್ರ ಒಂದು ಫೋನ್ ಮಾಡಿ ಹೇಳಿರಿ, ಅವರು ಗೇಟ್ ಹತ್ರಾನೇ ನಿಂತಿರ್ತಾರೆ.